ಅತ್ತೆಯ ಕೈಪೆಟ್ಟಿಗೆಯ ಚಿನ್ನದ ನಾಣ್ಯಗಳಿಗೆ ಗ್ರೇಡಿಂಗ್ ಮಾಡಿಸಬೇಕೇ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಒಂದು ಹಳ್ಳಿ. ಅತ್ತೆಯವರು ತೀರಿಕೊಂಡ ಮೇಲೆ ಅವರ ಕೈಪೆಟ್ಟಿಗೆ ತೆಗೆದು ನೋಡಿದೆವು. ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟ ಚಿನ್ನದ ನಾಣ್ಯಗಳಿದ್ದವು. ಆರು ಬ್ರಿಟಿಷ್ ಸವರನ್ (1899, 1907, 1911, 1966ರವು ಒಂದೊಂದು, 1918ರವು ಎರಡು), ಹಳೆಯ ಅರಸರ ಕಾಲದ ಎರಡು ವರಹ (ಒಂದರಲ್ಲಿ ಕೂತ ಮಗುವಿನ ಹಾಗಿರುವ ದೇವರು), ಹಣ ಎನ್ನುವ ಹನ್ನೆರಡು ಪುಟ್ಟ ನಾಣ್ಯ, ರಾಮ ಪಟ್ಟಾಭಿಷೇಕದ ಚಿತ್ರವಿರುವ ಒಂದು ದೊಡ್ಡ ನಾಣ್ಯ. 1907 ಮತ್ತು 1911ರ ಸವರನ್‌ಗಳಿಗೆ ಕೊಂಡಿ ಇದೆ, ಅತ್ತೆ ಸರಕ್ಕೆ ಪೋಣಿಸಿಕೊಳ್ಳುತ್ತಿದ್ದರು. ಪೂಜೆಗೆ ಇಟ್ಟಿದ್ದರಿಂದ ಕೆಲವಕ್ಕೆ ಅರಿಶಿನ ಕುಂಕುಮ ಅಂಟಿಕೊಂಡಿದೆ. ಪೇಟೆಯ ಶೇಟ್ರು ಎಲ್ಲವನ್ನೂ ತೂಕಕ್ಕೆ ತೆಗೆದುಕೊಳ್ಳುತ್ತೇನೆ ಎಂದರು. ನ್ಯೂಜೆರ್ಸಿಯಲ್ಲಿರುವ ಮಗ ಮಾತ್ರ, "ಯಾರಿಗೂ ಕೊಡಬೇಡ ಅಮ್ಮಾ, ದೀಪಾವಳಿಗೆ ಬಂದಾಗ ನಾನೇ ತಗೊಂಡು ಬರ್ತೀನಿ, ಇಲ್ಲಿ ಗ್ರೇಡಿಂಗ್ ಮಾಡಿಸಿದ್ರೆ ಹತ್ತು ಪಟ್ಟು ಬೆಲೆ ಬರತ್ತೆ" ಎನ್ನುತ್ತಾನೆ. ಮೂವರು ಮಕ್ಕಳಿಗೆ ಹಂಚಬೇಕು. ಗ್ರೇಡಿಂಗ್, ಅಂದರೆ ನಾಣ್ಯದ ಸ್ಥಿತಿ ಪರೀಕ್ಷಿಸಿ ಅಂಕಿ ಕೊಡಿಸುವುದು, ಮಾಡಿಸುವುದು ಸರಿಯೇ? ಕಳಿಸುವ ಮುಂಚೆ ತೊಳೆಯಬೇಕೇ? ಕೆಲವು ಫೋಟೊ ಕಳಿಸಿದ್ದೇನೆ.

ಉತ್ತರ: ಮೊದಲು ಎರಡು ಮಾತು, ಉಳಿದದ್ದನ್ನು ನಿಧಾನವಾಗಿ ಓದಿಕೊಳ್ಳಿ. ಯಾವ ನಾಣ್ಯವನ್ನೂ ತೊಳೆಯಬೇಡಿ, ಉಜ್ಜಬೇಡಿ. ಯಾವುದನ್ನೂ ಮಗನ ಕೈಯಲ್ಲಿ ವಿಮಾನ ಹತ್ತಿಸಬೇಡಿ. ಶೇಟ್ರಿಗೆ ಕೊಡಬೇಡ ಎಂದು ನಿಮ್ಮ ಮಗ ಹೇಳಿದ್ದು ಸರಿ. ಅಮೆರಿಕಕ್ಕೆ ಒಯ್ಯುತ್ತೇನೆ ಎಂದದ್ದು ಮಾತ್ರ ಸರಿಯಲ್ಲ, ಮತ್ತು ಅದು ಬರೀ ಲಾಭ ನಷ್ಟದ ಪ್ರಶ್ನೆಯಲ್ಲ.

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು, ಮಕ್ಕಳಿಗೆ ಹಂಚಬಹುದು, ದೇಶದೊಳಗೆ ಮಾರಬಹುದು. ಆದರೆ ದೇಶದ ಹೊರಗೆ ಕಳಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಅಥವಾ ಅದು ನೇಮಿಸಿದ ಸಂಸ್ಥೆಗೆ ಮಾತ್ರ ಇದೆ. ಮೀರಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದೆ ಮೂರು ವರ್ಷದವರೆಗೆ ಜೈಲು, ಮೇಲೆ ದಂಡ. "ಮಾರೋದಿಲ್ಲ, ಗ್ರೇಡ್ ಮಾಡಿಸಿ ವಾಪಸ್ ತರ್ತೀನಿ" ಎಂದರೂ ನಾಣ್ಯ ಗಡಿ ದಾಟಿದ್ದು ದಾಟಿದ್ದೇ. ಕೊಂಡಿ ಹಾಕಿ ಸರಕ್ಕೆ ಪೋಣಿಸಿಕೊಂಡು ಹೋದರೂ ನಾಣ್ಯ ನಾಣ್ಯವೇ. ನಿಮ್ಮ ಪೆಟ್ಟಿಗೆಯಲ್ಲಿ 1966ರ ಸವರನ್ ಒಂದನ್ನು ಬಿಟ್ಟರೆ ಬೇರೆ ಯಾವ ನಾಣ್ಯವೂ ಈ ಗೆರೆಯ ಈಚೆಗೆ ಬರುವಂತೆ ಕಾಣುವುದಿಲ್ಲ. ರಾಮನ ನಾಣ್ಯಕ್ಕೆ ಎಷ್ಟು ವಯಸ್ಸು ಎಂಬುದನ್ನು ತಿಳಿದವರು ಕೈಯಲ್ಲಿ ಹಿಡಿದು ನೋಡಿಯೇ ಹೇಳಬೇಕು. ಇಂಥ ಅನುಮಾನ ಬಂದಾಗ ಕೊನೆಯ ಮಾತು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರದ್ದು.

ಬೆಂಗಳೂರಿನಲ್ಲೋ ಮುಂಬೈಯಲ್ಲೋ ಕೂತು "ಇಲ್ಲೇ ಕೊಡಿ, ನಾವು ಗ್ರೇಡ್ ಮಾಡಿಸಿಕೊಡ್ತೀವಿ" ಎನ್ನುವವರು ಸಿಕ್ಕರೆ ಒಂದೇ ಪ್ರಶ್ನೆ ಕೇಳಿ: ನಾಣ್ಯವನ್ನು ಪರೀಕ್ಷಿಸುವುದು ಯಾವ ಊರಲ್ಲಿ? ಗ್ರೇಡಿಂಗ್ ಮಾಡುವ ಎರಡು ದೊಡ್ಡ ಸಂಸ್ಥೆಗಳಾದ ಪಿಸಿಜಿಎಸ್ ಮತ್ತು ಎನ್‌ಜಿಸಿ ಎರಡೂ ಅಮೆರಿಕದವು, ಒಂದು ಕ್ಯಾಲಿಫೋರ್ನಿಯಾದ್ದು, ಇನ್ನೊಂದು ಫ್ಲಾರಿಡಾದ ಸಾರಸೋಟದ್ದು. ಉತ್ತರದಲ್ಲಿ ಭಾರತದ ಹೊರಗಿನ ಊರು ಬಂದರೆ ನೂರು ತುಂಬಿದ ನಾಣ್ಯವನ್ನು ಅವರ ಕೈಗೆ ಕೊಡಬೇಡಿ.

ಇನ್ನು ಗ್ರೇಡಿಂಗ್ ಎಂದರೆ ಏನು ಎಂಬುದಕ್ಕೆ ಬರುತ್ತೇನೆ. ಇದು ತಿಳಿದರೆ ಆ "ಹತ್ತು ಪಟ್ಟು" ಎಲ್ಲಿಂದ ಬಂತು ಎಂಬುದೂ ತಿಳಿಯುತ್ತದೆ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬ ಅಮೆರಿಕನ್ ಸಂಗ್ರಾಹಕ ತನ್ನ ದೇಶದ ಹಳೆಯ ದೊಡ್ಡ ತಾಮ್ರದ ಸೆಂಟ್ ನಾಣ್ಯಗಳಿಗಾಗಿ 1ರಿಂದ 70ರವರೆಗಿನ ಒಂದು ಅಳತೆ ಮಾಡಿದ. ಗುರುತು ಹಿಡಿಯುವಷ್ಟು ಮಾತ್ರ ಉಳಿದ ನಾಣ್ಯ 1, ಕಳಂಕವೇ ಇಲ್ಲದ್ದು 70. ಆಗಿನ ಮಾರುಕಟ್ಟೆಯಲ್ಲಿ ಆ ಅಂಕಿಗೂ ಬೆಲೆಗೂ ನೇರ ಸಂಬಂಧವಿತ್ತು. ಸಂಬಂಧ ಬೇಗ ಕಡಿದುಹೋಯಿತು, ಅಂಕಿ ಮಾತ್ರ ಉಳಿದು ಎಲ್ಲ ದೇಶದ ನಾಣ್ಯಗಳಿಗೂ ಹಬ್ಬಿತು. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಶುರುವಾದವು. ಮಾರುವವನೂ ಅಲ್ಲದ, ಕೊಳ್ಳುವವನೂ ಅಲ್ಲದ ಮೂರನೆಯವನು ನಾಣ್ಯ ನೋಡಿ, ಅಸಲಿಯೋ ನಕಲಿಯೋ ಎಂದು ಹೇಳಿ, ಸವೆತ ಮತ್ತು ಗೀರುಗಳನ್ನು ತೂಗಿ ಒಂದು ಅಂಕಿ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಬಿಡುವುದು ಅವರ ಕೆಲಸ. ಡಬ್ಬಿಗೆ ಸ್ಲ್ಯಾಬ್ ಎನ್ನುತ್ತಾರೆ. 60ರಿಂದ ಮೇಲೆ ಚಲಾವಣೆಯಲ್ಲಿ ಸವೆಯದ ನಾಣ್ಯ, 50ರಿಂದ 58 ತುಸುವೇ ಸವೆದದ್ದು, 40ರ ಆಸುಪಾಸು ಚೆನ್ನಾಗಿ ಉಳಿದದ್ದು, ಹೀಗೆ ಇಳಿಯುತ್ತದೆ.

ನಾಣ್ಯವನ್ನು ಕೈಯಲ್ಲಿ ಹಿಡಿಯದೆ ಸಾವಿರಾರು ಮೈಲಿ ದೂರದಿಂದ ಕೊಳ್ಳುವವರಿಗೆ ಇದರಿಂದ ನಿಜವಾದ ಉಪಯೋಗವಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಅಂಕಿ ಹೇಳುವುದು ನಾಣ್ಯದ ಮೈಯ ಸ್ಥಿತಿಯನ್ನು ಮಾತ್ರ. ಆ ನಾಣ್ಯ ಎಷ್ಟು ಅಪರೂಪ, ಅದರ ಚರಿತ್ರೆ ಏನು, ನಿಮ್ಮ ಮನೆಗೆ ಯಾವ ದಾರಿಯಲ್ಲಿ ಬಂತು, ಇವು ಆ ಅಂಕಿಯಲ್ಲಿ ಇಲ್ಲ. ಗ್ರೇಡಿಂಗ್‌ನಿಂದ ಬೆಲೆ ಹುಟ್ಟುವುದಿಲ್ಲ. ಇರುವ ಬೆಲೆಯನ್ನು ಅಪರಿಚಿತ ಕೊಳ್ಳುಗ ನಂಬುವಂತೆ ಮಾಡುತ್ತದೆ, ಅಷ್ಟೆ. ಅಪರೂಪದ ನಾಣ್ಯ, ಅದರಲ್ಲೂ ಅಸಾಧಾರಣ ಸ್ಥಿತಿಯಲ್ಲಿರುವಂಥದ್ದಕ್ಕೆ ಬೆಲೆ ನಿಜಕ್ಕೂ ಜಿಗಿಯಬಹುದು, ಮಗನ ಕಣ್ಣಿಗೆ ಬಿದ್ದಿರುವುದು ಅಂಥ ಹರಾಜಿನ ಸುದ್ದಿಯಿರಬೇಕು. ಸಾಮಾನ್ಯ ನಾಣ್ಯಕ್ಕೆ ಖರ್ಚೇ ಮುಂದಾಗುತ್ತದೆ. ಒಂದೊಂದು ನಾಣ್ಯಕ್ಕೂ ಹತ್ತಾರು ಡಾಲರ್ ಶುಲ್ಕ, ಅದರ ಮೇಲೆ ನಿರ್ವಹಣೆಯ ಖರ್ಚು, ಎರಡೂ ಕಡೆಯ ವಿಮೆ ಮಾಡಿಸಿದ ಅಂಚೆ. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಹಾಗೆ.

ಈಗ ನಿಮ್ಮ ನಾಣ್ಯಗಳಿಗೆ ಬರೋಣ. ಸವರನ್‌ಗಳನ್ನು ಬೇಗ ಮುಗಿಸುತ್ತೇನೆ.

ಬ್ರಿಟಿಷ್ ಸವರನ್ನಿನ ತೂಕ 7.988 ಗ್ರಾಂ, 22 ಕ್ಯಾರೆಟ್, ಅಂದರೆ ಒಳಗೆ 7.32 ಗ್ರಾಂ ಅಪರಂಜಿ. ಅಡ್ಡಳತೆ 22 ಮಿಲಿಮೀಟರ್. ಒಂದು ಗ್ರಾಂಗೆ ದಿನದ 24 ಕ್ಯಾರೆಟ್ ದರವನ್ನು 7.32ರಿಂದ ಗುಣಿಸಿದರೆ ಲೋಹದ ಬೆಲೆ ಬಂತು, ಅದಕ್ಕಿಂತ ಕೆಳಗೆ ಯಾವ ಸವರನ್ನನ್ನೂ ಕೊಡಬಾರದು. ನಿಮ್ಮ ಪಟ್ಟಿಯಲ್ಲಿರುವ ವರ್ಷಗಳೆಲ್ಲ ಹೇರಳವಾಗಿ ಅಚ್ಚಾದವು. ರಾಜನ ಅಥವಾ ರಾಣಿಯ ಮುಖದ ಹಿಂಬದಿಯಲ್ಲಿ ಕುದುರೆಯೇರಿ ಸರ್ಪದಂಥ ಮೃಗವನ್ನು ಕೊಲ್ಲುತ್ತಿರುವ ಸಂತ ಜಾರ್ಜನ ಚಿತ್ರವಿದೆಯಲ್ಲ, ಅದರ ಕೆಳಗಿನ ನೆಲದ ಗೆರೆಯ ಮೇಲೆ, ಇಸವಿಗೆ ಸರಿಯಾಗಿ ಮೇಲ್ಗಡೆ, ಭೂತಗನ್ನಡಿ ಹಿಡಿದು ನೋಡಿ. ಅಲ್ಲಿ ಸಾಸಿವೆಗಿಂತ ಸಣ್ಣ ಅಕ್ಷರವಿರಬಹುದು. ಎಸ್ ಇದ್ದರೆ ಸಿಡ್ನಿ, ಎಂ ಇದ್ದರೆ ಮೆಲ್ಬರ್ನ್, ಪಿ ಇದ್ದರೆ ಪರ್ತ್, ಸಿ ಇದ್ದರೆ ಕೆನಡಾದ ಒಟ್ಟಾವಾ. ಏನೂ ಇಲ್ಲದಿದ್ದರೆ ಲಂಡನ್. ನಿಮ್ಮ ಫೋಟೊದಲ್ಲಿ 1918ರ ಎರಡರಲ್ಲಿ ಒಂದಕ್ಕೆ ಐ ಎಂಬ ಅಕ್ಷರ ಕಾಣುತ್ತಿದೆ. ಅದು ಬೊಂಬಾಯಿ ಟಂಕಸಾಲೆಯದು. ಮೊದಲ ಮಹಾಯುದ್ಧದ ಆ ಒಂದೇ ವರ್ಷ ಅಲ್ಲಿ ಬ್ರಿಟಿಷ್ ಸವರನ್ ಅಚ್ಚು ಹಾಕಿದರು, ಸುಮಾರು 13 ಲಕ್ಷ. ಅದೇ ವರ್ಷ 15 ರೂಪಾಯಿ ಮುಖಬೆಲೆಯ ಚಿನ್ನದ ನಾಣ್ಯವನ್ನೂ ಅಲ್ಲೇ ಹೊಡೆದರು. ಒಂದೇ ವರ್ಷದ್ದು ಎಂದ ಮಾತ್ರಕ್ಕೆ ಅಪರೂಪವಲ್ಲ, ನಮ್ಮ ಎಷ್ಟೋ ಮನೆಗಳಲ್ಲಿ ಇದೆ. ಆದರೂ ನಮ್ಮ ನೆಲದಲ್ಲಿ ಹುಟ್ಟಿದ ಸವರನ್, ತೂಕಕ್ಕಿಂತ ತುಸು ಹೆಚ್ಚು ಕೊಟ್ಟು ಕೊಳ್ಳುವವರು ಇದ್ದಾರೆ.

ಕೊಂಡಿ ಹಾಕಿದ 1907 ಮತ್ತು 1911ರವುಗಳಿಗೆ ಗ್ರೇಡಿಂಗ್ ಪ್ರಶ್ನೆಯೇ ಏಳುವುದಿಲ್ಲ. ಬೆಸುಗೆ ಬಿದ್ದ ನಾಣ್ಯಕ್ಕೆ ಈ ಸಂಸ್ಥೆಗಳು ಅಂಕಿ ಕೊಡುವುದಿಲ್ಲ. "ಅಸಲಿ ಹೌದು, ಒಡವೆಯಾಗಿತ್ತು" ಎಂಬ ಅರ್ಥದ ಷರಾ ಬರೆದು ಡಬ್ಬಿಗೆ ಹಾಕುತ್ತಾರೆ, ಅದಕ್ಕೆ ಡೀಟೇಲ್ಸ್ ಗ್ರೇಡ್ ಎಂದು ಹೆಸರು. ಕೊಂಡಿ ಕತ್ತರಿಸಿ ಅಂಚು ಅರದಿಂದ ಉಜ್ಜಿಸಿದರೂ ಗುರುತು ಹೋಗುವುದಿಲ್ಲ, ಚಿನ್ನ ಮಾತ್ರ ಹೋಗುತ್ತದೆ. ಅವೆರಡನ್ನು ಹಾಗೇ ಬಿಡಿ. ಅತ್ತೆಯವರು ಕೊರಳಲ್ಲಿ ಹಾಕಿಕೊಂಡಿದ್ದ ಸರಕ್ಕೆ ಮತ್ತೆ ಪೋಣಿಸಿ ಮನೆಯ ಹೆಣ್ಣುಮಕ್ಕಳು ಯಾರಾದರೂ ಹಾಕಿಕೊಂಡರೆ ಅದಕ್ಕಿಂತ ಒಳ್ಳೆಯ ಉಪಯೋಗ ನನಗೆ ತೋಚುವುದಿಲ್ಲ.

1966ರದ್ದನ್ನು ಕಾಯ್ದೆ ತಡೆಯುವುದಿಲ್ಲ, ಆದರೆ ಕಳಿಸುವುದಕ್ಕೆ ಕಾರಣವೂ ಇಲ್ಲ. ಎಲಿಜಬೆತ್ ರಾಣಿಯ ಆ ವರ್ಷಗಳ ಸವರನ್ ಚಿನ್ನದ ಬೆಲೆಗೇ ಕೈ ಬದಲಾಗುತ್ತದೆ. ಅದಕ್ಕೆ ಬೇಕಾದದ್ದು ಅಂಕಿಯಲ್ಲ, ಅಸಲಿಯೇ ಎಂಬ ಪರೀಕ್ಷೆ. ಎರಡನೇ ಮಹಾಯುದ್ಧದ ನಂತರ ಇಟಲಿ, ಲೆಬನಾನ್‌ಗಳಲ್ಲಿ ಸವರನ್ನಿನ ನಕಲಿ ಅಚ್ಚುಗಳು ಕೆಲಸ ಮಾಡಿದವು, ಅವುಗಳಲ್ಲಿ ಪೂರ್ತಿ ಚಿನ್ನವೇ ಇದ್ದವೂ ಉಂಟು. ಹಾಗಾಗಿ ಒರೆಗಲ್ಲಿಗೆ ಉಜ್ಜಿ "ಇಪ್ಪತ್ತೆರಡು ಕ್ಯಾರೆಟ್ ಇದೆ, ಅಸಲಿ" ಎಂದರೆ ಅದು ಚಿನ್ನದ ಬಗ್ಗೆ ಹೇಳಿದ ಮಾತು, ನಾಣ್ಯದ ಬಗ್ಗೆ ಅಲ್ಲ. ಒರೆಗಲ್ಲಿಗೆ ಉಜ್ಜಿಸುವುದೇ ಬೇಡ, ಪ್ರತಿ ಸಲವೂ ಅಂಚಿನ ಚೂರು ಅಲ್ಲಿ ಉಳಿಯುತ್ತದೆ. ದೊಡ್ಡ ಅಂಗಡಿಗಳಲ್ಲಿ ಕ್ಯಾರೆಟ್ ಮೀಟರ್ ಯಂತ್ರವಿರುತ್ತದೆ, ನಾಣ್ಯ ಮುಟ್ಟದೆ ಎಕ್ಸ್-ರೇಯಿಂದ ಹೇಳುತ್ತದೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯೂ ಇದೆ. ಗ್ರಾಂನ ನೂರನೇ ಒಂದು ಭಾಗ ತೋರಿಸುವ ಸಣ್ಣ ತಕ್ಕಡಿಯ ಮೇಲೆ ನೀರು ತುಂಬಿದ ಲೋಟವಿಟ್ಟು ಸೊನ್ನೆಗೆ ತನ್ನಿ. ಕೊಂಡಿಯಿಲ್ಲದ ಸವರನ್ನನ್ನು ತೆಳ್ಳಗಿನ ದಾರದಲ್ಲಿ ಕಟ್ಟಿ, ತಳಕ್ಕೆ ಗೋಡೆಗೆ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ 0.45 ಅಥವಾ 0.46 ತೋರಿಸಬೇಕು. 7.99ನ್ನು ಅದರಿಂದ ಭಾಗಿಸಿದರೆ 17.5ರ ಆಸುಪಾಸು ಬರುತ್ತದೆ, ಅದು 22 ಕ್ಯಾರೆಟ್ ಚಿನ್ನದ ಸಾಂದ್ರತೆ. 0.6, 0.7 ತೋರಿಸಿದರೆ ಒಳಗೆ ಹಗುರ ಲೋಹವಿದೆ. ಪೂರ್ತಿ ಚಿನ್ನದ ನಕಲಿಯನ್ನು ಇದು ಹಿಡಿಯುವುದಿಲ್ಲ, ಅದಕ್ಕೆ ಪಳಗಿದ ಕಣ್ಣೇ ಬೇಕು. ಅರಿಶಿನ ಅಂಟಿದ ನಾಣ್ಯಕ್ಕೂ ಪುಟ್ಟ ಹಣಗಳಿಗೂ ಇದನ್ನು ಮಾಡಬೇಡಿ.

ವರಹಗಳ ವಿಷಯವೇ ಬೇರೆ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಸವರನ್ ಯಂತ್ರದಲ್ಲಿ ಅಚ್ಚಾದ ನಾಣ್ಯ, ಒಂದರಂತೆ ಲಕ್ಷ. ಸವೆಯದ ಲಕ್ಷದಲ್ಲಿ ಯಾವುದಕ್ಕೆ ಗೀರು ಕಡಿಮೆ ಎಂದು ಅಂಕಿ ಕೊಡುವುದಕ್ಕೆ ಅಲ್ಲಿ ಅರ್ಥವಿದೆ. ವರಹ ಹಾಗಲ್ಲ. ಟಂಕಸಾಲೆಯ ಕೆಲಸಗಾರ 3.4 ಗ್ರಾಮಿನ ಪುಟ್ಟ ಚಿನ್ನದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದ. ಅಚ್ಚಿನ ಚಿತ್ರ ಬಿಲ್ಲೆಗಿಂತ ದೊಡ್ಡದು. ಏಟು ಎಲ್ಲಿ ಬಿತ್ತೋ ಅಷ್ಟು ಮೂಡಿತು. ಒಂದರಲ್ಲಿ ದೇವರ ಕಿರೀಟ ಹೊರಗೆ ಹೋಗಿದೆ, ಇನ್ನೊಂದರಲ್ಲಿ ಅರಸನ ಹೆಸರಿನ ಕೊನೆಯ ಸಾಲೇ ಇಲ್ಲ. ಒಂದು ವರಹದಂತೆ ಇನ್ನೊಂದು ವರಹವಿಲ್ಲ. ಇಂಥ ನಾಣ್ಯಕ್ಕೆ 63 ಎಂಬ ಅಂಕಿ ಬಂತೆಂದರೆ ಅದು ಸವೆದಿಲ್ಲ ಎಂದಷ್ಟೇ ಅರ್ಥ. ಸವೆಯದ, ಅಂಕಿ ಮೇಲಿದ್ದ ವರಹಗಳಲ್ಲಿ ಅರಸನ ಹೆಸರು ಅರ್ಧವೂ ಓದಲಾಗದ್ದನ್ನು ನೋಡಿದ್ದೇನೆ. ಅದರ ಪಕ್ಕದಲ್ಲಿ ಸ್ವಲ್ಪ ಸವೆದ, ಆದರೆ ಮೂರೂ ಸಾಲು ಪೂರ್ತಿ ಕೂತ ಇನ್ನೊಂದು ವರಹವಿದ್ದರೆ ನಾನು ಕಣ್ಣು ಮುಚ್ಚಿ ಎರಡನೆಯದನ್ನು ಎತ್ತಿಕೊಳ್ಳುತ್ತೇನೆ. ನಮ್ಮ ಕಡೆಯ ಹಳೆಯ ಸಂಗ್ರಾಹಕರು ಕೂಡ ಮೊದಲು ನೋಡುವುದು ಓದಲಾಗುವ ಅಕ್ಷರವನ್ನು, ದೇವರ ಮುಖವನ್ನು. ನಾಣ್ಯ ಪರೀಕ್ಷಿಸುತ್ತಿದ್ದ ಶರಾಫರು ವರಹದ ಮೇಲೆ ಒತ್ತಿದ ಸಣ್ಣ ಮುದ್ರೆಗಳದ್ದೂ ಅದೇ ಕತೆ. ಚಿನ್ನ ಸಾಚಾ ಎಂದು ಪರೀಕ್ಷಿಸಿದ ಗುರುತು ಅದು, ಆ ವರಹ ಪೇಟೆಯಲ್ಲಿ ಕೈಯಿಂದ ಕೈಗೆ ಓಡಾಡಿತ್ತು ಎಂಬುದಕ್ಕೆ ಸಾಕ್ಷಿ. ಡಬ್ಬಿಯ ಲೆಕ್ಕದಲ್ಲಿ ಮಾತ್ರ ಅದು ಕುಂದು.

ಆದ್ದರಿಂದ ವರಹಕ್ಕೆ ಮೊದಲು ಬೇಕಾದದ್ದು ಅದು ಯಾರದ್ದು ಎಂಬ ಗುರುತು. ನೀವು "ಕೂತ ಮಗುವಿನ ಹಾಗಿರುವ ದೇವರು" ಎಂದು ಬರೆದಿದ್ದೀರಿ. ಅದು ಬಾಲಕೃಷ್ಣ. ಹಿಂಬದಿಯ ಮೂರು ಸಾಲಿನ ನಾಗರಿ ಬರಹವನ್ನು ನಿಮ್ಮ ಫೋಟೊದಲ್ಲೇ ಓದಬಹುದು: ಶ್ರೀ ಪ್ರತಾಪ ಕೃಷ್ಣರಾಯ. ವಿಜಯನಗರದ ಕೃಷ್ಣದೇವರಾಯನ ವರಹ, ಅಂದರೆ 1509ರಿಂದ 1529ರ ನಡುವಿನದು. ವಿಜಯನಗರದ ವರಹಗಳಲ್ಲಿ ಹೆಚ್ಚಾಗಿ ಸಿಗುವುದು ಇದೇ. ಹೆಚ್ಚಾಗಿ ಸಿಗುತ್ತದೆ ಎಂದು ಅಗ್ಗವಲ್ಲ, ಆ ಹೆಸರಿಗೆ ಕೊಳ್ಳುವವರು ಯಾವಾಗಲೂ ಇದ್ದಾರೆ, ತೂಕದ ಬೆಲೆಗಿಂತ ಬಹಳ ಮೇಲೆ. ಹೆಸರಿಗೆ ಬೇಡಿಕೆ ಇರುವುದರಿಂದಲೇ ನಕಲಿಗಳೂ ಜಾಸ್ತಿ. ಎರಕದ ನಕಲಿಯಲ್ಲಿ ಅಕ್ಷರದ ಅಂಚು ಸಾಬೂನಿನ ಹಾಗೆ ನುಣ್ಣಗಿರುತ್ತದೆ, ಮೈಮೇಲೆ ಗುಳ್ಳೆ ಒಡೆದಂಥ ಸೂಜಿಮೊನೆಯ ಗುಂಡಿಗಳಿರುತ್ತವೆ. ಸುತ್ತಿಗೆ ಏಟಿನ ಅಸಲಿಯಲ್ಲಿ ಗೆರೆಗಳು ಚೂಪಾಗಿ ಏಳುತ್ತವೆ, ಅಂಚಿನಲ್ಲಿ ಕೆಲವೊಮ್ಮೆ ಸಣ್ಣ ಬಿರುಕು ಕಾಣುತ್ತದೆ. ನಿಮ್ಮದು ಫೋಟೊದಲ್ಲಿ ಚೆನ್ನಾಗಿಯೇ ಇದೆ. ಕೈಯಲ್ಲಿ ಹಿಡಿಯದೆ ಇನ್ನೂ ಮುಂದಕ್ಕೆ ಹೇಳುವುದು ಸರಿಯಲ್ಲ.

ಎರಡನೆಯ ವರಹ ನೋಡಿ ನನ್ನ ಕುತೂಹಲ ಕೆರಳಿತು. ಮುಂಬದಿಯಲ್ಲಿ ಶಿವ ಪಾರ್ವತಿ ಕೂತಿದ್ದಾರೆ. ಹಿಂಬದಿಯ ಫೋಟೊ ನೀವು ಕಳಿಸಿಲ್ಲ. ಈ ಒಂದು ಚಿತ್ರವನ್ನು ನಮ್ಮ ನಾಡಿನ ಹಲವು ಆಳ್ವಿಕೆಗಳು ಬಳಸಿದವು, ಯಾವುದು ಯಾರದ್ದು ಎಂಬುದು ನಾಣ್ಯ ತಿರುಗಿಸಿದರೆ ಮಾತ್ರ ಗೊತ್ತಾಗುತ್ತದೆ. ನಾಗರಿಯಲ್ಲಿ ಶ್ರೀ ಸದಾಶಿವ ಎಂದಿದ್ದರೆ ಕೆಳದಿ ಅರಸರ ಇಕ್ಕೇರಿ ವರಹ. ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಹೋದ ಮೇಲೂ ಜನ ಅದನ್ನು ಇಕ್ಕೇರಿ ವರಹ ಎಂದೇ ಕರೆದರು. ನಿಮ್ಮ ಮನೆ ಇಕ್ಕೇರಿಗೆ ಇಷ್ಟು ಹತ್ತಿರವಿರುವಾಗ ಅದಾಗಿರುವ ಸಾಧ್ಯತೆಯನ್ನು ನೆನೆದೇ ಸಂತೋಷವಾಗುತ್ತದೆ. ವಿಜಯನಗರದ ಸದಾಶಿವರಾಯನ ನಾಣ್ಯಗಳಲ್ಲೂ ಸದಾಶಿವ ಎಂದಿರುತ್ತದೆ, ಅಲ್ಲಿ ಪ್ರತಾಪ, ರಾಯ ಎಂಬ ಪದಗಳು ಜೊತೆಗಿರುತ್ತವೆ, ಅದನ್ನೂ ನೋಡಿಕೊಳ್ಳಿ. ಹಿಂಬದಿ ತುಂಬ ರಾಗಿ ಚೆಲ್ಲಿದಂತೆ ಚುಕ್ಕಿಗಳಿದ್ದು ನಡುವೆ ಒಂದೇ ಒಂದು ಪರ್ಷಿಯನ್ ಅಕ್ಷರ, ಕೊಕ್ಕೆಯ ಹಾಗೆ, ಇದ್ದರೆ ಅದು ಹೈದರ್ ಅಲಿಯದು. 1763ರಲ್ಲಿ ಬಿದನೂರು ಗೆದ್ದ ಹೈದರ್ ಶಿವ ಪಾರ್ವತಿಯರನ್ನು ಮುಂಬದಿಯಲ್ಲಿ ಹಾಗೇ ಉಳಿಸಿಕೊಂಡು, ಹಿಂದೆ ತನ್ನ ಹೆಸರಿನ ಮೊದಲ ಅಕ್ಷರವನ್ನಷ್ಟೇ ಹಾಕಿಸಿದ. ಪೇಟೆ ನಂಬಿದ ನಾಣ್ಯದ ರೂಪವನ್ನು ಕೆಡಿಸಬಾರದು ಎಂಬ ವಿವೇಕ ಅದರಲ್ಲಿ ನನಗೆ ಕಾಣುತ್ತದೆ. ನಾಗರಿಯಲ್ಲಿ ಶ್ರೀ ಕೃಷ್ಣರಾಜ ಎಂದಿದ್ದರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರದು, 1799ರ ನಂತರದ್ದು.

ಆ ಹನ್ನೆರಡು ಹಣಗಳು ಒಂದೊಂದೂ ಗ್ರಾಂನ ಮೂರನೇ ಒಂದು ಭಾಗದಷ್ಟು. ಹನ್ನೆರಡೂ ಸೇರಿದರೆ ನಾಲ್ಕು ಗ್ರಾಂ ಚಿಲ್ಲರೆ. ನರಸಿಂಹನ ಚಿತ್ರವಿರುವುದರಿಂದ ಕಂಠೀರಾಯಿ ಹಣ ಎಂದು ಧೈರ್ಯವಾಗಿ ಹೇಳಬಹುದು. 1638ರಿಂದ 1659ರವರೆಗೆ ಮೈಸೂರು ಆಳಿದ ಕಂಠೀರವ ನರಸರಾಜ ಒಡೆಯರ ಹೆಸರಿನವು. ಹತ್ತು ಹಣಕ್ಕೆ ಒಂದು ವರಹ ಎಂಬುದು ಆಗಿನ ಲೆಕ್ಕ. ಅಗಲವಾಗಿ ತೆಳ್ಳಗಿರುವ ಹಳೆಯವೂ ಇವೆ, ಗಿಡ್ಡನಾಗಿ ದಪ್ಪಗಿರುವ, ಬಹಳ ಕಾಲದ ನಂತರ ಅದೇ ಹೆಸರಿನಲ್ಲಿ ಅಚ್ಚಾದವೂ ಇವೆ. ನಿಮ್ಮಲ್ಲಿ ಎರಡೂ ಬೆರೆತಿರುವಂತಿದೆ, ಬೇರೆ ಬೇರೆ ಮಾಡಿಟ್ಟುಕೊಳ್ಳಿ. ಇವಕ್ಕೆ ಗ್ರೇಡಿಂಗ್ ಶುಲ್ಕವೇ ನಾಣ್ಯದ ಚಿನ್ನಕ್ಕಿಂತ ಹೆಚ್ಚಾದೀತು. ಆದರೆ ತೂಕಕ್ಕೆ ಮಾತ್ರ ಖಂಡಿತ ಕೊಡಬೇಡಿ. ಕೆಲವು ವರ್ಷಗಳ ಹಿಂದೆ ನಂಜನಗೂಡಿನ ಕಡೆಯ ಒಂದು ಮನೆಯವರು ನಲವತ್ತು ಹಣ ಇವೆ, ಬಂದು ನೋಡಿ ಎಂದು ಕರೆದಿದ್ದರು. ನಾನು ಹೋಗುವುದು ಒಂದು ವಾರ ತಡವಾಯಿತು. ಅಷ್ಟರಲ್ಲಿ ಅವೆಲ್ಲ ಕರಗಿ ಒಂದು ಜೊತೆ ಓಲೆ ಮತ್ತು ಒಂದು ಉಂಗುರವಾಗಿದ್ದವು. ನಾಲ್ಕೈದು ತಲೆಮಾರು ಕಾಪಾಡಿಕೊಂಡು ಬಂದದ್ದು ಒಂದು ಮಧ್ಯಾಹ್ನದಲ್ಲಿ ಮೂಸೆಯಲ್ಲಿ ಹೋಯಿತು. ಆ ವಾರ ತಡ ಮಾಡಿದ್ದಕ್ಕೆ ನನಗೆ ಇವತ್ತಿಗೂ ನೋವಿದೆ.

ರಾಮ ಪಟ್ಟಾಭಿಷೇಕದ್ದು ದುಡ್ಡಾಗಿ ಚಲಾವಣೆಯಾದ ನಾಣ್ಯವಲ್ಲ, ರಾಮಟಂಕ. ಪೂಜೆಗಾಗಿ, ಯಾತ್ರೆಯ ನೆನಪಿಗಾಗಿ ಮಾಡಿದ್ದು. ಇವನ್ನು ಬಹಳ ಕಾಲ, ಬಹಳ ಕಡೆ ಮಾಡಿದ್ದಾರೆ, ಅದರ ಮೇಲಿರುವ ಇಸವಿಯನ್ನು ನಂಬುವ ಹಾಗಿಲ್ಲ. ಯಾರಾದರೂ ಅದನ್ನು ನೋಡಿ ಸಾವಿರ ವರ್ಷ ಹಳೆಯದು, ಕೋಟಿ ಬೆಲೆ ಎಂದರೆ ಕಿವಿಗೆ ಹಾಕಿಕೊಳ್ಳಬೇಡಿ. ದೇವರ ಮನೆಯಲ್ಲಿತ್ತು, ಅಲ್ಲೇ ಇರಲಿ.

ಗ್ರೇಡಿಂಗ್ ಯಾರಿಗೂ ಬೇಡ ಎಂದು ನಾನು ಹೇಳುತ್ತಿಲ್ಲ. ವಿದೇಶದಲ್ಲಿರುವ ನಮ್ಮವರು ಅಲ್ಲಿಯ ಹರಾಜಿನಲ್ಲೇ ಕೊಂಡ ನಾಣ್ಯವಿದೆ ಎನ್ನಿ, ಅದು ಈಸ್ಟ್ ಇಂಡಿಯಾ ಕಂಪನಿಯ 1835ರ ನಾಲ್ಕನೇ ವಿಲಿಯಂ ಮೊಹರು ಅಥವಾ 1841ರ ವಿಕ್ಟೋರಿಯಾ ಮೊಹರು. 11.66 ಗ್ರಾಂ, ಅಂದರೆ ಒಂದು ತೊಲ ತೂಕ. ಹಿಂಬದಿಯಲ್ಲಿ ತಾಳೆಮರದ ಮುಂದೆ ಸಿಂಹ. ಇದನ್ನು ಟಂಕಸಾಲೆಯೇ ಆಮೇಲೆ ಮತ್ತೆ ಅಚ್ಚು ಹಾಕಿದ್ದೂ ಉಂಟು, ನಕಲಿಗಳೂ ಇವೆ, ಮೂಲ ಅಚ್ಚಿಗೂ ಮರು ಅಚ್ಚಿಗೂ ಬೆಲೆಯಲ್ಲಿ ದೊಡ್ಡ ಅಂತರ. ಅಂಥ ನಾಣ್ಯ ಮಾರುವ ಮುಂಚೆ ಗ್ರೇಡ್ ಮಾಡಿಸದಿರುವುದು ತಪ್ಪು. 1855ರಿಂದ 1870ರವರೆಗೆ ಸಿಡ್ನಿ ಟಂಕಸಾಲೆ ತನ್ನ ಹೆಸರು ಹಾಕಿ ಹೊಡೆದ ಸವರನ್ ಕೈಗೆ ಸಿಕ್ಕರೂ ಅಷ್ಟೇ. ನಾನು ಇಟ್ಟುಕೊಂಡಿರುವ ಲೆಕ್ಕ ಸರಳ. ಗ್ರೇಡ್ ಆದ ಅದೇ ನಾಣ್ಯ, ಅದೇ ಸ್ಥಿತಿಯದ್ದು, ಈಚಿನ ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು ಎಂದು ನೋಡುತ್ತೇನೆ. ಡಬ್ಬಿಯಿಲ್ಲದ್ದು ಎಷ್ಟಕ್ಕೆ ಹೋಯಿತು ಎಂದೂ ನೋಡುತ್ತೇನೆ. ಆ ಅಂತರ ಒಟ್ಟು ಖರ್ಚಿನ ಮೂರು ಪಟ್ಟಾದರೂ ಇದ್ದರೆ ಮಾಡಿಸಿ ಎನ್ನುತ್ತೇನೆ. ನಾವು 64 ಎಂದುಕೊಂಡದ್ದು 61 ಆಗಿ ಬರುವುದೇ ಹೆಚ್ಚು, ಅದಕ್ಕೇ ಮೂರು ಪಟ್ಟು. ಕಳಿಸುವ ಮುಂಚೆ ಸವೆತವನ್ನು ನೀವೇ ನೋಡಬಹುದು: ಒಂದು ದೀಪದ ಕೆಳಗೆ ನಾಣ್ಯವನ್ನು ಮೆಲ್ಲಗೆ ಓರೆ ಮಾಡಿ ತಿರುಗಿಸಿದಾಗ ಹೊಳಪು ಗಾಡಿಯ ಚಕ್ರದ ಕಡ್ಡಿಗಳಂತೆ ಸುತ್ತಬೇಕು. ರಾಜನ ಕೆನ್ನೆ, ಗಡ್ಡ, ಕುದುರೆಯ ಭುಜ, ಇಂಥ ಉಬ್ಬಿದ ಕಡೆ ಬಂದಾಗ ಹೊಳಪು ಮುರಿದು ಮಂಕಾದರೆ ಸವೆತ ಶುರುವಾಗಿದೆ, 60 ದಾಟುವುದಿಲ್ಲ. ಡಬ್ಬಿಯಲ್ಲಿರುವ ನಾಣ್ಯ ಕೊಳ್ಳುವವರು ಅದರ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ಚಿತ್ರ ತಾಳೆ ನೋಡಬೇಕು, ಈಗ ನಕಲಿ ಡಬ್ಬಿಗಳೂ ಬಂದಿವೆ.

ತೊಳೆಯುವ ಪ್ರಶ್ನೆಗೆ ಕಾರಣ ಹೇಳದೆ ಬಿಟ್ಟಿದ್ದೆ. ನಮ್ಮ ಮನೆಗಳಲ್ಲಿ ಚಿನ್ನ ಎಂದರೆ ಅಂಟುವಾಳ, ಹುಣಸೆಹಣ್ಣು, ಹಲ್ಲುಪುಡಿ, ಹಳೆಯ ಬ್ರಷ್. ಒಡವೆಗೆ ಸರಿ. ನಾಣ್ಯದ ಮೈಮೇಲೆ ಅದು ಕೂದಲೆಳೆಯಂಥ ನೂರಾರು ಗೀರು ಎಳೆಯುತ್ತದೆ, ಟಂಕಸಾಲೆಯ ಹೊಳಪು ಹೋಗಿ ಪಾತ್ರೆಯ ಹೊಳಪು ಬರುತ್ತದೆ. ಒಮ್ಮೆ ಹೋದದ್ದು ತಿರುಗಿ ಬರುವುದಿಲ್ಲ, ಬೆಲೆಯೂ ಅದರ ಜೊತೆ ಹೋಗುತ್ತದೆ. ಅರಿಶಿನ ಕುಂಕುಮ ತೆಗೆಯಲೇಬೇಕಾದರೆ ಬಟ್ಟಿ ಇಳಿಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಎತ್ತಿ, ಉಜ್ಜದೆ ಹತ್ತಿಯ ಬಟ್ಟೆಯ ಮೇಲೆ ಒಣಗಲು ಬಿಡಿ. ಉಳಿದದ್ದು ಉಳಿಯಲಿ. ಇಡುವಾಗ ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಆಲ್ಬಮ್ ಬೇಡ, ವರ್ಷ ಕಳೆದಂತೆ ಅದರಿಂದ ಹಸಿರು ಜಿಗುಟು ಇಳಿಯುತ್ತದೆ. ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿಡಿ, ಹಿಡಿಯುವಾಗ ಅಂಚನ್ನು ಮಾತ್ರ ಹಿಡಿಯಿರಿ.

ಮಾರುವುದಾದರೆ ವರಹ ಮತ್ತು ಹಣಗಳಿಗೆ ಪ್ರಾಚ್ಯವಸ್ತು ಮಾರಾಟದ ಪರವಾನಗಿಯಿರುವ ಹರಾಜು ಸಂಸ್ಥೆಗೇ ಹೋಗಿ, ಬೆಂಗಳೂರಿನಲ್ಲೂ ಮುಂಬೈಯಲ್ಲೂ ಇವೆ. ಅಲ್ಲಿ ನಾಣ್ಯಗಳು ಡಬ್ಬಿಯಿಲ್ಲದೆಯೇ, ಒಳ್ಳೆಯ ಫೋಟೊ ಮತ್ತು ವಿವರಣೆಯ ಬಲದಿಂದಲೇ ಹೋಗುತ್ತವೆ. ಮೊದಲು ಅವರು ತಮ್ಮ ಕಮಿಷನ್ ಎಂದು ಶೇಕಡಾ ಎಷ್ಟು ಹಿಡಿಯುತ್ತಾರೆ ಎಂದು ಬರವಣಿಗೆಯಲ್ಲಿ ಪಡೆಯಿರಿ. ಹಳೆಯ ನಾಣ್ಯಕ್ಕೆ ಲಕ್ಷಾಂತರ ಕೊಡುತ್ತೇವೆ, ನೋಂದಣಿ ಶುಲ್ಕ ಕಟ್ಟಿ ಎಂದು ಫೋನ್ ಬಂದರೆ ಇಟ್ಟುಬಿಡಿ. ತನ್ನ ಹೆಸರು ಹೇಳಿಕೊಂಡು ನಡೆಯುವ ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಕೆ ಕೊಟ್ಟಿದೆ. ಇನ್ನೊಂದು ಮಾತು, ಈ ನಾಣ್ಯಗಳು ಅತ್ತೆಯವರ ಕೈಪೆಟ್ಟಿಗೆಯಲ್ಲಿದ್ದವು ಎಂದು ನೀವು ಬರೆದಿರುವುದರಿಂದ ನಾನು ಇಷ್ಟೆಲ್ಲ ಹೇಳಿದೆ. ತೋಟ ಅಗೆಯುವಾಗಲೋ ಹಳೇ ಗೋಡೆ ಕೆಡವುವಾಗಲೋ ಸಿಕ್ಕಿದ್ದಾದರೆ ಅದು ನಿಧಿ, ಆಡಳಿತಕ್ಕೆ ತಿಳಿಸಲೇಬೇಕು, 1962ರ ಕರ್ನಾಟಕ ನಿಧಿ ಕಾಯ್ದೆ ಇರುವುದೇ ಅದಕ್ಕೆ.

ಮೂವರಿಗೆ ಹಂಚುವ ಬಗ್ಗೆ: ಸವರನ್‌ಗಳು ಆರಿವೆ, ತಲಾ ಎರಡು. ವರಹ ಮತ್ತು ಹಣಗಳನ್ನು ಒಡೆಯದೆ ಒಬ್ಬರೇ ಇಟ್ಟುಕೊಂಡು ಉಳಿದವರಿಗೆ ಬೇರೆ ರೂಪದಲ್ಲಿ ಸರಿದೂಗಿಸಲಾಗುತ್ತದೆಯೇ ನೋಡಿ. ಒಂದೇ ಮನೆಯ ಪೆಟ್ಟಿಗೆಯಲ್ಲಿ ಒಟ್ಟಿಗಿದ್ದವು ಎಂಬುದು ಅವುಗಳ ಚರಿತ್ರೆಯ ಭಾಗ. ಅಮೆರಿಕದಲ್ಲಿರುವ ಮಗನ ಪಾಲಿನದ್ದು ಸದ್ಯಕ್ಕೆ ಇಲ್ಲಿಯ ಬ್ಯಾಂಕ್ ಲಾಕರಿನಲ್ಲೇ ಇರಲಿ. ಅತ್ತೆಯವರಿಗೆ ಅವು ಯಾರಿಂದ ಬಂದವು, ತವರಿನಿಂದಲೋ ಈ ಮನೆಯದ್ದೋ ಎಂಬುದು ನಿಮಗೆ ಅಥವಾ ಹಿರಿಯರಿಗೆ ಗೊತ್ತಿದ್ದರೆ ಈ ತಿಂಗಳೇ ಕೂತು ಬರೆದಿಡಿ, ಪ್ರತಿ ನಾಣ್ಯದ ತೂಕ ಮತ್ತು ಎರಡೂ ಬದಿಯ ಫೋಟೊದೊಂದಿಗೆ.

ಆ ಶಿವ ಪಾರ್ವತಿ ವರಹದ ಹಿಂಬದಿಯ ಫೋಟೊ ನನಗೆ ಬೇಕು. ಫ್ಲ್ಯಾಶ್ ಹಾಕಬೇಡಿ. ಬೆಳಿಗ್ಗೆ ಎಂಟರ ಹೊತ್ತಿಗೆ ಕಿಟಕಿಯ ಪಕ್ಕ ಕಪ್ಪು ಬಟ್ಟೆಯ ಮೇಲಿಟ್ಟು, ಬೆಳಕು ಒಂದೇ ಕಡೆಯಿಂದ ಓರೆಯಾಗಿ ಬೀಳುವಂತೆ ಮಾಡಿ ತೆಗೆಯಿರಿ. ಅಕ್ಷರಗಳು ಆಗ ನೆರಳಿನೊಂದಿಗೆ ಎದ್ದು ನಿಲ್ಲುತ್ತವೆ.